ತಲೆ ಯಾವ ದಿಕ್ಕಿಗೆ

ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಮ್ಮಪ್ಪ "ಊರೂರು ತಿರುಗ್ತಾನೆ" ಎನ್ನುತ್ತಿದ್ದರು. ಕೇಳಿದವರು ನನ್ನನ್ನು ಹರಿಕಥೆ ದಾಸನೆಂದೋ ವಿಮೆ ಏಜೆಂಟನೆಂದೋ ತಿಳಿದುಕೊಂಡು ಹೋಗುತ್ತಿದ್ದರು. ನಾನು ಲಾರಿ ಡ್ರೈವರ್. ಪಕ್ಕದ ಹಲಗೆಗಳಿಲ್ಲದ, ಹಿಂಭಾಗ ಬರೀ ಜಗಲಿಯಂತಿರುವ ಉದ್ದನೆಯ ಲಾರಿ. ಗುಜರಾತಿಗೆ ಗ್ರಾನೈಟು, ಅಲ್ಲಿಂದ ಪುಣೆಗೆ ಯಂತ್ರ, ಪುಣೆಯಿಂದ ಯಾರಿಗೆ ಏನು ಬೇಕೋ ಅದು. ಹದಿನಾಲ್ಕು ವರ್ಷದಲ್ಲಿ ಅಪ್ಪ ನನ್ನ ಲಾರಿಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಅಪ್ಪ ಕಣಕಟ್ಟೆ ಕಡೆಯ ನಮ್ಮೂರಿನ ಗುಡಿಯ ಅರ್ಚಕರು. ಅವರ ನಂತರ ಪೂಜೆಗೆ ನಿಲ್ಲಬೇಕಾದ ನಾನು ಸ್ಟೀರಿಂಗ್ ಹಿಡಿದು ಕೂತೆ. ಅವರು ಜಗಳವನ್ನೇನೂ ಆಡಲಿಲ್ಲ. ಆಡಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಗುಡಿಯ ಹಳೆಯ ವಿಗ್ರಹ ಸೊಂಟದಲ್ಲಿ ಬಿರುಕು ಬಿಟ್ಟಿತ್ತು. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಅಂತ ಎರಡು ವರ್ಷ ಬರೀ ಕಲಶಕ್ಕೆ ಮಂಗಳಾರತಿ. ಕಡೆಗೆ ಹಳೇಬೀಡಿನ ಹತ್ತಿರ ಒಬ್ಬ ಶಿಲ್ಪಿ ಬಳಪದ ಕಲ್ಲಿನಲ್ಲಿ ಹೊಸದನ್ನು ಕೆತ್ತಿದರು. ಅಪ್ಪನ ಮಂಡಿ ಸೋತಿತ್ತು. ಈ ಪ್ರತಿಷ್ಠೆಯೊಂದು ನನ್ನ ಕೈಯಲ್ಲಿ ಆಗಿಬಿಟ್ಟರೆ ಸಾಕು, ಆಮೇಲೆ ಪೂಜೆ ಬಿಡುತ್ತೇನೆ ಎಂದಿದ್ದರು. ದಾರಿಯಲ್ಲಿ ಒಂದು ಉಗುರು ಮುಕ್ಕಾದರೂ ಪ್ರತಿಷ್ಠೆಯಿಲ್ಲ. ಊರಿನವರು ಸಭೆ ಸೇರಿ, ಅರ್ಚಕರ ಮನೆಯಲ್ಲೇ ಲಾರಿ ಇರುವಾಗ ಬೇರೆಯದು ಯಾಕೆ ಎಂದರು. ಅಪ್ಪ ಕೆಮ್ಮಿದರಂತೆ, ಅಷ್ಟೇ.

ಶಿಲ್ಪಿಯ ಅಂಗಳದಲ್ಲಿ ನಾನು ಲಾರಿಯ ಮೇಲೆ ಮರಳಿನ ಚೀಲ ಜೋಡಿಸಿ, ಭತ್ತದ ಹುಲ್ಲು ಹಾಸಿ, ಮೂರ್ತಿಯನ್ನು ಅಂಗಾತ ಮಲಗಿಸಲು ಹೇಳಿದೆ. ಕಾಲು ಕ್ಯಾಬಿನ್ ಕಡೆ, ತಲೆ ಹಿಂದೆ. ಬ್ರೇಕ್ ಹಾಕಿದರೆ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಆ ಪೆಟ್ಟನ್ನು ಪೀಠ ತಾಳುತ್ತದೆ, ಕಿರೀಟ ತಾಳುವುದಿಲ್ಲ.

"ಕಾಲು ಮುಂದು ಮಾಡಿ ಹೊತ್ಕೊಂಡು ಹೋಗೋದು ಯಾರನ್ನ ಅಂತ ಗೊತ್ತಿದೆಯೇನೋ?" ಎಂದರು, ಬಸ್ಸಿನಲ್ಲಿ ಬಂದಿದ್ದ ಅಪ್ಪ.

ಗೊತ್ತಿತ್ತು. ಹಾಗಾದರೆ ತಿರುಗಿಸಿ ತಲೆಯನ್ನೇ ಮುಂದಕ್ಕೆ ಹಾಕೋಣವೇ ಎಂದೆ, ಮನಸ್ಸಿಲ್ಲದೆ. ಅವರು ರಸ್ತೆಯ ಕಡೆ ನೋಡಿ ಲೆಕ್ಕ ಹಾಕಿದರು. ಅರಸೀಕೆರೆ ದಾಟಿದ ಮೇಲೆ ನಮ್ಮೂರಿನ ದಾರಿ ಉತ್ತರಕ್ಕೆ. ದೇವರು ಉತ್ತರಕ್ಕೆ ತಲೆ ಹಾಕಿ ಮಲಗಿದಂತಾಗುತ್ತದೆ. ಮನುಷ್ಯರೇ ಹಾಗೆ ಮಲಗಬಾರದು. ನಿಲ್ಲಿಸಿಕೊಂಡು ಹೋಗು ಎಂದರು. ನಿಲ್ಲಿಸಿದರೆ ಜಾವಗಲ್ಲಿನ ರಸ್ತೆ ಹಂಪುಗಳಲ್ಲೇ ಮೂರ್ತಿಯ ಕೈ ಕಳಚುತ್ತದೆ ಎಂದೆ. ಶಿಲ್ಪಿ ಇದನ್ನೆಲ್ಲ ಬಹಳ ಸಲ ನೋಡಿದವರಂತೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು.

ಪ್ರತಿಷ್ಠೆಯ ದಿನ ಚಿನ್ನದ ಸೂಜಿಯಲ್ಲಿ ಕಣ್ಣು ತೆರೆಯುವವರೆಗೆ ಅದು ಬರೀ ಕಲ್ಲು ಅಂತ ಹೇಳಿಕೊಟ್ಟವರು ನೀವೇ ಅಲ್ಲವೇ, ಕಲ್ಲಿಗೆ ಯಾವ ದಿಕ್ಕು ಎಂದು ಕೇಳಿದೆ.

"ಕಲ್ಲಿಗಿಲ್ಲ. ನನಗಿದೆ," ಎಂದರು. ಆಮೇಲೆ ತಾವೇ ರಾಜಿಗೆ ಬಂದರು. ಊರ ಗಡಿಯವರೆಗೆ ಕಲ್ಲು, ಗಡಿ ದಾಟಿದರೆ ದೇವರು. ಊರೊಳಗೆ ಮಾತ್ರ ಕಾಲು ಮುಂದಾಗಿ ಬರಕೂಡದು.

ಅಪ್ಪ ಕ್ಯಾಬಿನ್ನಿಗೆ ಹತ್ತಿದರು. ಹತ್ತುವಾಗ ಎಡಗಾಲು ಮೊದಲಿಟ್ಟು, ಇಳಿದು, ಮತ್ತೆ ಬಲಗಾಲಿಟ್ಟು ಹತ್ತಿದರು. ಪ್ರತಿ ಹಂಪಿಗೂ ನಾನು ಲಾರಿಯನ್ನು ನಿಲ್ಲಿಸಿದಷ್ಟು ನಿಧಾನ ಮಾಡಿ, ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಿದ್ದೆ. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆದು ಬೈದರು. ಅಪ್ಪ ರಸ್ತೆ ನೋಡುತ್ತಿರಲಿಲ್ಲ, ನನ್ನ ಕೈಕಾಲು ನೋಡುತ್ತಿದ್ದರು. ಬಾಣಾವರದ ಈಚೆ ನಾಲ್ಕು ಹೆಂಗಸರು ಲಾರಿ ತಡೆದು, ತುಂಬಿದ ಕೊಡ ಹಿಡಿದು ದೇವರಿಗೆ ನೀರು ಹಾಕಬೇಕು ಎಂದರು. ಹುಲ್ಲು ನೆನೆದರೆ ಕಲ್ಲು ಜಾರುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, ಇದಿನ್ನೂ ಕಲ್ಲು ಕಣ್ರಮ್ಮ, ಗಾಲಿಗೆ ಹಾಕಿ ಎಂದರು. ಗಾಲಿಗೆ ಹಾಕಿದರು.

ಊರ ಗಡಿಗೆ ಬಂದಾಗ ಇಳಿಬಿಸಿಲು. ನಾನು ಮಾತು ಉಳಿಸಿಕೊಳ್ಳಲು ಲಾರಿ ತಿರುಗಿಸಿ, ಹಿಂದುಹಿಂದಕ್ಕೆ ಗುಡಿಯ ಬೀದಿಗೆ ನುಗ್ಗಿಸಿದೆ. ಈಗ ತಲೆ ಮುಂದು. ಊರಿಗೆ ಊರೇ ನಿಂತು ನೋಡಿತು. ಅಪ್ಪ ಇಳಿದು, ಕುಂಟುತ್ತ ಹಿಂದೆ ನಿಂತು, ಕ್ಲೀನರನಂತೆ ಕೈಬೀಸಿ ದಾರಿ ತೋರಿಸತೊಡಗಿದರು.

ಅರ್ಧ ಬೀದಿಯಲ್ಲಿ ಆ ಕೈ ನಿಂತಿತು. ನಮ್ಮ ಬೀದಿ ಉತ್ತರಕ್ಕೆ ಹೋಗುತ್ತದೆ. ಅಂದರೆ ತಲೆ ಈಗ ಸರಿಯಾಗಿ ಉತ್ತರಕ್ಕಿತ್ತು. ಅಪ್ಪ ಬಿಸಿಲು ಬರುತ್ತಿದ್ದ ಕಡೆ ನೋಡಿದರು, ಮೂರ್ತಿ ನೋಡಿದರು, ಆಮೇಲೆ ಪಕ್ಕದ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಎರಡೂ ಕಡೆ ಚರಂಡಿ. ತಿರುಗಿಸಲು ಹೋದರೆ ಒಂದು ಗಾಲಿ ಇಳಿಯುವುದು ಖಂಡಿತ. ಅವರು ಬೇಡ ಎಂದಿದ್ದರೆ ನಾನು ತಿರುಗಿಸುತ್ತಿದ್ದೆ, ಅದು ಮಾತ್ರ ನಿಜ.

"ಬರಲಿ," ಎಂದರು ಅಪ್ಪ. "ಬರಲಿ, ಬರಲಿ."

ಕ್ರೇನು ಮೂರ್ತಿಯನ್ನು ಇಳಿಸಿದ ಮೇಲೆ ಅಪ್ಪ ಹುಲ್ಲು ಕೊಡವಿ, ಪಂಚೆಯ ತುದಿಯಿಂದ ಒರೆಸಿ, ನಾಲ್ಕು ಕೈಗಳ ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಕೂಸು ಹುಟ್ಟಿದಾಗ ನೋಡುತ್ತಾರಲ್ಲ, ಹಾಗೆ. ಅರಸೀಕೆರೆಯಿಂದ ಬಂದಿದ್ದ ಕ್ರೇನಿನವನಿಗೆ ನಾವು ಯಾರೆಂದು ಗೊತ್ತಿರಲಿಲ್ಲ.

"ಒಂದು ಗೀರೂ ಬಿದ್ದಿಲ್ವಲ್ಲ ಸಾಮಿ. ಡ್ರೈವರ್ ಯಾರು?" ಎಂದು ಕೇಳಿದ.

"ನನ್ನ ಮಗ," ಎಂದರು ಅಪ್ಪ, ಬೆರಳು ಒರೆಸುತ್ತಲೇ. "ಲಾರಿ ಓಡಿಸ್ತಾನೆ. ಹದಿನಾಲ್ಕು ವರ್ಷ ಆಯ್ತು."

ನನಗೆ ಅಳು ಬಂತು. ಮೂರ್ತಿಗೆ ಬಿಗಿದಿದ್ದ ಬೆಲ್ಟು ಸುತ್ತಿಡುವ ನೆಪದಲ್ಲಿ ಲಾರಿಯ ಆ ಬದಿಗೆ ಹೋದೆ. ಎಂಟು ಬೆಲ್ಟಿದ್ದವು. ಎಲ್ಲವನ್ನೂ ಎರಡೆರಡು ಸಲ ಸುತ್ತಿದೆ.