ಕೊಳೆ ನೀರಿನ ಪರವಾನಗಿ ಮತ್ತು ಖಾಲಾಳ ಚಹಾ

ನನ್ನ ಮೂಗು ಇರುವುದೇ ಮಿಮಿಕ್ರಿಗೆ ಎಂದು ತಿಳಿದಿದ್ದೆ. ಹಿಡಿದು ಮಾತಾಡಿದರೆ ದಿಲ್ಲಿಯ ಸಾಹೇಬ, ಬಿಟ್ಟು ಗಂಟಲು ಉಬ್ಬಿಸಿದರೆ ಬೆಂಗಳೂರಿನ ಸಾಹೇಬ. ನರೋಣಾ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಬ್ಬರೂ ನನ್ನ ಬಾಯಿಂದಲೇ ದಿನಾ ಜಗಳವಾಡುತ್ತಾರೆ.

ಇವತ್ತಿನ ಜಗಳ ಕೊಳೆ ನೀರಿನದು. ಕಾರ್ಖಾನೆಗಳು ಹಳ್ಳಕ್ಕೆ ನೀರು ಬಿಡಲು ಪರವಾನಗಿ ಕೊಡಬೇಕಾದವರು ಯಾರು, ರಾಜ್ಯವೋ ದಿಲ್ಲಿಯೋ? ದಿಲ್ಲಿ ಸಾಹೇಬ ಮೂಗಿನಲ್ಲಿ ನುಡಿದ: "ರಾಜ್ಯದವರು ಕಾರ್ಖಾನೆಯವರಿಗೆ ಬೀಗರಿದ್ದಂತೆ, ಮುಲಾಜಿಗೆ ಸಹಿ ಹಾಕುತ್ತಾರೆ." ಬೆಂಗಳೂರು ಸಾಹೇಬ ಗುಡುಗಿದ: "ಅಲ್ರೀ, ಭೀಮಾ ನದಿ ಯಾವ ಕಡೆ ಹರಿಯುತ್ತೆ ಅಂತ ನಿಮಗೇನ್ರೀ ಗೊತ್ತು?" ಅವನಿಗೂ ಗೊತ್ತಿಲ್ಲ, ಆ ಮಾತು ಬೇರೆ. ನಾನಂತೂ ರಾಜ್ಯದ ಪರ. ಹತ್ತಿರದಲ್ಲಿರುವವನಿಗೆ ಕಣ್ಣಿಗೆ ಕಾಣುತ್ತದೆ, ಕೂಗಿದರೆ ಕಿವಿಗೆ ಕೇಳುತ್ತದೆ ಎಂದು ವಾದಿಸಿದೆ. ಚಪ್ಪಾಳೆ ಬೀಳುವಷ್ಟರಲ್ಲಿ ಅವ್ವನ ಫೋನು: "ಲೇ, ಖಾಲಾ ಬೈಯಾಕತ್ತಾಳ, ಲಗೂ ಬಾ!"

ನಮ್ಮ ಮನೆಯ ಕೆಳಗಿನ ಇಳುಕಲಿನಲ್ಲಿ, ಇಡೀ ಓಣಿಗೆ ಚಿಕ್ಕಮ್ಮನಂತಿರುವ ಮೆಹಬೂಬಿ ಖಾಲಾಳ ಮನೆ. ಶ್ಯಾವಿಗೆ ಮಾಡಿ ಮಾರುವುದು ಅವಳ ಜೀವನ. ಓಣಿಯಲ್ಲಿ ಹಗ್ಗದ ಹೊರಸು ಹಾಕಿ ಅದನ್ನು ಒಣಗಿಸುತ್ತಾಳೆ. ಹೋಗಿ ನೋಡಿದರೆ ಹೊರಸಿನ ಕಾಲುಗಳು ನಮ್ಮ ಹೊಸ ವಾಷಿಂಗ್ ಮಷೀನಿನ ನೊರೆಯಲ್ಲಿ ನಿಂತಿದ್ದವು.

ನಮ್ಮ ಓಣಿಯಲ್ಲಿ ಹೊಸ ಬಚ್ಚಲು ಕಟ್ಟಿಸಿದವರು ಇಳುಕಲಿನ ಮನೆಯವರನ್ನು ಕೇಳಿಯೇ ನೀರು ಬಿಡಬೇಕು. ಮೊದಲ ಸಲ ನೀರು ಹರಿಯುವಾಗ, ಬಿಟ್ಟವನು ಅವರ ಬಾಗಿಲಲ್ಲಿ ಕುಳಿತು ಚಹಾ ಕುಡಿಯಬೇಕು. ಚಹಾ ಗಂಟಲಿಗೆ ಇಳಿದರೆ ಪರವಾನಗಿ. ಮಷೀನು ಬಚ್ಚಲಲ್ಲವಲ್ಲ ಎಂದು ನಾನು ಕಾನೂನಿನ ಸಂದಿಯಲ್ಲಿ ನುಸುಳಿದ್ದೆ.

"ಪರಿಶೀಲಿಸಲಾಗುವುದಮ್ಮಾ," ಎಂದು ಬೆಂಗಳೂರಿನ ದನಿ ತೆಗೆದೆ.

"ನಾಟಕ ಬಂದ್ ಮಾಡು ಬೇಟಾ. ಕೂಡಿಲ್ಲಿ, ಚಹಾ ಕುಡಿ," ಎಂದ ಖಾಲಾ, ನಮ್ಮ ಮನೆಯತ್ತ ತಿರುಗಿ ಅವ್ವನಿಗೆ ಕೂಗಿದಳು: "ಶಾಂತಕ್ಕಾ, ಮಷೀನ್ ಚಾಲೂ ಮಾಡವಾ!"

ನೊರೆ ಬಂತು. ಅದರ ಜೊತೆ ನನ್ನ ವಾರದ ಬನಿಯನ್‌ಗಳ, ಕ್ರಿಕೆಟ್ ಕಾಲ್ಚೀಲಗಳ ಸಾರವೂ ಬಂತು. ನನ್ನ ಮೂಗು ಜೀವಮಾನದಲ್ಲಿ ಮೊದಲ ಸಲ ತನ್ನ ಸ್ವಂತ ಕೆಲಸ ಮಾಡಿತು. ಯಾಲಕ್ಕಿ ಚಹಾ ಗಂಟಲಲ್ಲೇ ನಿಂತಿತು.

"ಹ್ಯಾಂಗದ?"

"ಚಹಾ ಚೊಲೋ ಅದ ಖಾಲಾ."

"ಚಹಾ ಯಾರು ಕೇಳ್ಯಾರ? ಮದವಿ ಮನಿಯವ್ರು ಸಂಜಿಗೆ ಶ್ಯಾವಿಗಿ ಒಯ್ಯಾಕ ಬರ್ತಾರ. ನಿನ್ನ ಕಾಲ್ಚೀಲದ ಪಾಯಸ ಉಣಸಲೇನು ಅವ್ರಿಗೆ?"

ನನ್ನ ವಾದ ನೊರೆಯಲ್ಲಿ ತೇಲಿಹೋಯಿತು. ಖಾಲಾಗೆ ನನಗಿಂತ ಹತ್ತಿರದವನು ಯಾರಿದ್ದಾನೆ? ಆದರೂ ನನಗೆ ಕಂಡಿರಲಿಲ್ಲ, ಕೇಳಿಸಿರಲಿಲ್ಲ. ಹತ್ತಿರವಿದ್ದರೆ ಸಾಲದು, ಇಳುಕಲಿನಲ್ಲಿರಬೇಕು.

ಈಗ ಮಷೀನು ಬಂದ್. ಶ್ಯಾವಿಗೆ ನಮ್ಮ ಮಾಳಿಗೆಯ ಮೇಲೆ ಒಣಗುತ್ತಿದೆ. ನಾನು ಹಿತ್ತಲಲ್ಲಿ ಇಂಗುಗುಂಡಿ ತೋಡುತ್ತಿದ್ದೇನೆ. ಮೇಲಿನಿಂದ ಖಾಲಾ ಮೂಗು ಹಿಡಿದು, ನನ್ನದೇ ದಿಲ್ಲಿ ದನಿಯಲ್ಲಿ, "ಇನ್ನೂ ಆಳ ತೋಡು, ಇನ್ನೂ ಆಳ!" ಎನ್ನುತ್ತಿದ್ದಾಳೆ. ನನಗಿಂತ ಚೆನ್ನಾಗಿಯೇ ಮಾಡುತ್ತಾಳೆ, ಹೊಟ್ಟೆ ಉರಿಯುತ್ತದೆ.

ನನ್ನ ಪಕ್ಷ ಮಾತ್ರ ಬದಲಾಗಿಲ್ಲ. ಪರವಾನಗಿ ರಾಜ್ಯವೇ ಕೊಡಲಿ. ಆದರೆ ಸಹಿ ಹಾಕುವ ಸಾಹೇಬರ ಕುರ್ಚಿಯನ್ನು ಕಾರ್ಖಾನೆಯ ಕೆಳಗೆ, ಹಳ್ಳದ ದಂಡೆಗೆ ಹಾಕಿಸಬೇಕು. ಚಹಾ ನಮ್ಮ ಕಡೆಯಿಂದ.