ಒಂದರಿಂದ ಮೂರರ ನಡುವಿನ ನೀರು

ಆ ಈಜುಕೊಳದಲ್ಲಿ ಇಪ್ಪತ್ತಾರು ವರ್ಷಗಳಿಂದ ನೀರು ನೋಡಿಕೊಳ್ಳುತ್ತಿದ್ದವನನ್ನು ಮಕ್ಕಳೆಲ್ಲ ನೀರಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಪಂಪಿನ ಕೋಣೆ ಅವನ ರಾಜ್ಯ. ಮೂರು ಫಿಲ್ಟರ್ ಟ್ಯಾಂಕುಗಳು, ಒಂದು ಗೋಡೆಗೆ ಕ್ಲೋರಿನ್ ಡ್ರಮ್ಮುಗಳು, ಎದುರು ಗೋಡೆಗೆ ಆಸಿಡ್ ಕ್ಯಾನುಗಳು. ಜಗಳವಾಡಿಕೊಂಡ ಓರಗಿತ್ತಿಯರನ್ನು ಇಡುವ ಹಾಗೆ ಅವೆರಡನ್ನೂ ದೂರ ದೂರವೇ ಇಟ್ಟಿದ್ದ. ಎರಡು ಗಂಟೆಗೊಮ್ಮೆ ಕೊಳದ ನೀರನ್ನು ಬೆರಳುದ್ದದ ಗಾಜಿನ ಕೊಳವೆಗೆ ತುಂಬಿ, ಔಷಧಿಯ ಹನಿ ಬಿಟ್ಟು, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದ. ಹಳದಿಗೆ ತಿರುಗಿದರೆ ನೀರಿನಲ್ಲಿ ಆಮ್ಲ ಹೆಚ್ಚಾಗಿದೆ ಎಂದು ಅರ್ಥ. ಅಂಥ ನೀರಿಗೆ ಇಳಿದವರ ಕಣ್ಣು ಉರಿಯುತ್ತದೆ.

"ನನ್ನ ನೀರಲ್ಲಿ ಕಣ್ಣು ಕೆಂಪಾಯ್ತು ಅಂತ ಒಬ್ಬರ ಬಾಯಲ್ಲಿ ಹೇಳಿಸಿ, ನೋಡೋಣ" ಎಂದು ಅವನು ಎಲ್ಲರಿಗೂ ಸವಾಲು ಹಾಕುತ್ತಿದ್ದ. ಹೇಳುವವರು ಯಾರೂ ಇರಲಿಲ್ಲ. ಅಷ್ಟರಮಟ್ಟಿಗೆ ಅವನ ಕೆಲಸ ಅಚ್ಚುಕಟ್ಟು.

ಕೆಲಸದಷ್ಟೇ ಅಚ್ಚುಕಟ್ಟಾದದ್ದು ಅವನ ಅನುಮಾನ. ಯಾರಾದರೂ ಗಂಟೆ ಎಷ್ಟೆಂದು ಹೇಳಿದರೆ ತಾನೊಮ್ಮೆ ಗಡಿಯಾರ ನೋಡುತ್ತಿದ್ದ. ಡಾಕ್ಟರು ಬರೆದ ಮಾತ್ರೆಯನ್ನು ಔಷಧಿ ಅಂಗಡಿಯವನಿಗೆ ತೋರಿಸಿ "ಇದು ಸರೀನಾ?" ಎಂದು ಕೇಳುತ್ತಿದ್ದ. ಅವನು ಹೌದೆಂದರೆ, ಇವರಿಬ್ಬರೂ ಸೇರಿಕೊಂಡಿದ್ದಾರೆ ಎಂದುಕೊಳ್ಳುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಇದು ತಮಾಷೆಯಾಗಿ ಕಂಡಿತ್ತು. ಆಮೇಲೆ ಅವಳು ಗಂಡನಿಗೆ ಹೇಳಬೇಕಾದ್ದು ಯಾವುದು, ಹೇಳಬಾರದ್ದು ಯಾವುದು ಎಂದು ಮನಸ್ಸಿನಲ್ಲೇ ಎರಡು ಪಟ್ಟಿ ಮಾಡಿಕೊಂಡಳು. ವರ್ಷ ಕಳೆದಂತೆ ಎರಡನೆಯ ಪಟ್ಟಿಯೇ ಉದ್ದವಾಗುತ್ತಾ ಹೋಯಿತು.

ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಹಿಂದೊಮ್ಮೆ ಯಾವುದೋ ಸಂಸ್ಥೆಯವರು ಬಂದು, ನಗರದ ಬಡಮಕ್ಕಳಿಗೆ ಈಜು ಕಲಿಸುತ್ತೇವೆಂದು ಬ್ಯಾನರ್ ಕಟ್ಟಿ, ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಫೋಟೋ ತೆಗೆದದ್ದೇ ತಡ, ಪತ್ತೆಯೇ ಇಲ್ಲ. ಆ ಮಕ್ಕಳು ಮೂರು ತಿಂಗಳು ಸಂಜೆ ಸಂಜೆ ಟವೆಲ್ಲು ಹಿಡಿದುಕೊಂಡು ಗೇಟಿಗೆ ಬಂದರು. "ಇನ್ನೂ ಬಂದಿಲ್ಲ, ನಾಳೆ ನೋಡಿ" ಎಂದು ಹೇಳಿ ಕಳಿಸುವ ಕರ್ಮ ನೀರಣ್ಣನದಾಗಿತ್ತು. ಆ ಹನ್ನೆರಡು ಟವೆಲ್ಲುಗಳನ್ನು ಅವನು ಮರೆಯಲೇ ಇಲ್ಲ.

ಹಾಗಾಗಿ ಈ ಬೇಸಿಗೆ ರಜೆಗೆ ಒಬ್ಬ ಹೆಂಗಸು ಬಂದು, ಸುತ್ತಲಿನ ಓಣಿಗಳ ಹುಡುಗ ಹುಡುಗಿಯರಿಗೆ ಪುಕ್ಕಟೆಯಾಗಿ ಈಜು ಮತ್ತು ವಾಟರ್ ಪೋಲೋ ಕಲಿಸುತ್ತೇನೆ ಎಂದಾಗ ಅವನ ಕಿವಿ ನೆಟ್ಟಗಾಯಿತು. ಐವತ್ತರ ಪ್ರಾಯ, ಕತ್ತರಿಸಿದ ಕೂದಲು, ಕೊರಳಲ್ಲಿ ಸೀಟಿ. ಮಕ್ಕಳು ಒಂದೇ ವಾರದಲ್ಲಿ ಅವಳಿಗೆ ಕೋಚಮ್ಮ ಎಂದು ಹೆಸರಿಟ್ಟರು. ಪುಕ್ಕಟೆ ಏಕೆ? ಇವಳಿಗೇನು ಲಾಭ? ಆಟಕ್ಕೆ ಮೊದಲು ಪ್ರತಿಯೊಂದು ಮಗುವಿನ ಕೈ ಹಿಡಿದು ತಿರುಗಿಸಿ ನೋಡುತ್ತಾಳಲ್ಲ, ಹಸ್ತರೇಖೆ ಓದುತ್ತಾಳೋ? ನೀರಿನೊಳಗೆ ಪರಚದಿರಲಿ ಅಂತ ಉಗುರು ಬೆಳೆದಿದೆಯೇ ನೋಡುತ್ತಾಳೆ ಎಂದು ಟಿಕೆಟ್ ಕಿಟಕಿಯ ಅತ್ತಿಗೆ ಹೇಳಿದಳು. ಯಾರ ಅತ್ತಿಗೆಯೋ ಗೊತ್ತಿಲ್ಲ, ಕೊಳಕ್ಕೆ ಬರುವವರಿಗೆಲ್ಲ ಅತ್ತಿಗೆ. "ಪರಚೋ ಆಟವನ್ನ ಮಕ್ಕಳಿಗೆ ಯಾಕೆ ಕಲಿಸಬೇಕು?" ಎಂದು ನೀರಣ್ಣ ತಿರುಗಿ ಕೇಳಿದ.

ಆಟವನ್ನು ನಿಂತು ನೋಡಿದ ಮೇಲಂತೂ ಅವನ ತಲೆಗೆ ಇನ್ನಷ್ಟು ಹುಳ ಹೊಕ್ಕಿತು. ಒಂದೊಂದು ತಂಡದಲ್ಲಿ ಏಳು ಜನ, ಕಾಲಿಗೆ ನೆಲ ಸಿಗದ ಆಳದಲ್ಲಿ ತೇಲುತ್ತಾ ಚೆಂಡಿಗೆ ಬಡಿದಾಡುವುದು. ಮೇಲೆ ಕಾಣುವುದು ತಲೆ ಮತ್ತು ಕೈ ಮಾತ್ರ. ಕೆಳಗೆ ಯಾರು ಯಾರ ಕಾಲೆಳೆಯುತ್ತಾರೆ, ಯಾರು ಯಾರಿಗೆ ಒದೆಯುತ್ತಾರೆ ಎಂಬುದು ದೇವರಿಗೇ ಗೊತ್ತು. ಅರ್ಧ ಆಟ ಕಣ್ಣಿಗೆ ಕಾಣಿಸದ ಆಟವನ್ನು ಅವನು ನಂಬುವುದಾದರೂ ಹೇಗೆ? ಎರಡನೆಯ ವಾರ ಅವನ ಹದಿನಾರು ವರ್ಷದ ಮಗಳು ತೋಳಿನ ಮೇಲೆ ನೀಲಿ ಗುರುತು ಮಾಡಿಕೊಂಡು ಮನೆಗೆ ಬಂದಳು. ಅವಳು ಗೋಲ್ ಕಾಯುವವಳು. ಅವನಿಗೆ ಅಷ್ಟೇ ಸಾಕಾಯಿತು. ನಾಳೆಯಿಂದ ನಿನಗೆ ಪೋಲೋ ಬಂದ್ ಎಂದುಬಿಟ್ಟ.

"ಚೆಂಡು ತಗುಲಿದ್ದಪ್ಪ" ಎಂದಳು ಮಗಳು.

"ನೀನು ಹೇಳ್ತೀಯ. ನೀರಿನ ಕೆಳಗೆ ಏನಾಯ್ತು ಅಂತ ನಾನು ನೋಡಿದ್ನಾ?"

ಮಗಳು ಅತ್ತಳು, ಊಟ ಬಿಟ್ಟಳು, ನಾಲ್ಕು ದಿನ ಮುಖ ಊದಿಸಿಕೊಂಡಳು. ಐದನೆಯ ದಿನ ಮಧ್ಯಾಹ್ನದ ಹೊಲಿಗೆ ತರಗತಿಗೆ ಸೇರುತ್ತೇನೆಂದಳು. ಸದ್ಯ, ಒಣಗಿದ ಜಾಗದಲ್ಲಿ ಕೂತು ಮಾಡುವ ಕೆಲಸ ಎಂದು ನೀರಣ್ಣ ನಿಟ್ಟುಸಿರು ಬಿಟ್ಟ.

ಇತ್ತ ಕೊಳದ ಸಮಿತಿಯವರು ಕೋಚಮ್ಮನಿಗೆ ಒಂದು ಗಡುವು ಕೊಟ್ಟಿದ್ದರು. ರಜೆ ಮುಗಿಯುವ ಮುಂಚಿನ ಭಾನುವಾರ ಪಕ್ಕದ ಬಡಾವಣೆಯ ತಂಡದ ಜೊತೆ ಒಂದು ಪಂದ್ಯ. ಸಮಿತಿ ಕೂತು ನೋಡುತ್ತದೆ. ಸರಿ ಎನಿಸಿದರೆ ವಾರಕ್ಕೆ ಮೂರು ದಿನ ಆಳದ ಭಾಗ ಮಕ್ಕಳಿಗೆ ಕಾಯಂ. ಇಲ್ಲವಾದರೆ ಪೋಲೋ ಅಲ್ಲಿಗೇ ಮುಕ್ತಾಯ. ಜೊತೆಗೆ ಈ ಆಟದಿಂದ ನೀರು ಕೆಡುತ್ತದೆಯೋ ಇಲ್ಲವೋ ಎಂದು ನೀರಣ್ಣನೂ ಹೇಳಬೇಕು. ಕೆಡುತ್ತದೆ ಎಂದು ಹೇಳಲು ಅವನ ನಾಲಗೆ ತುದಿಗಾಲಲ್ಲಿ ನಿಂತಿತ್ತು. ಆದರೆ ಕೆಡುತ್ತಿರಲಿಲ್ಲ. ನೀರಿನ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಬೇಕಾದದ್ದು ತಾನಾಗಿ ಕೈಗೆ ಸಿಕ್ಕಿತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಕೊಳಕ್ಕೆ ಬಿಡುವು. ಒಂದು ಗಂಟೆಗೆ ಅವನು ಪಂಪಿನ ಮುಂದಿನ ಜಾಲರಿ ಬುಟ್ಟಿಯನ್ನು ತೆಗೆದು, ಅದರಲ್ಲಿ ಸಿಕ್ಕಿಕೊಂಡ ಕೂದಲು ಕಸವನ್ನೆಲ್ಲ ಚೊಕ್ಕ ಮಾಡಿ, ಮನೆಗೆ ಹೋಗಿ ಉಂಡು, ಒಂದು ಕೋಳಿನಿದ್ದೆ ತೆಗೆದು ಬರುತ್ತಿದ್ದ. ಒಂದು ಸೋಮವಾರ ಮೂರು ಗಂಟೆಗೆ ಯಾಕೋ ಬುಟ್ಟಿಯನ್ನು ಮತ್ತೆ ತೆಗೆದು ನೋಡಿದರೆ ಉದ್ದುದ್ದ ಕೂದಲು! ಖಾಲಿ ಕೊಳಕ್ಕೆ ಕೂದಲು ಎಲ್ಲಿಂದ ಬಂತು? ನೀರಿನ ಮಟ್ಟವೂ ಎರಡು ಬೆರಳು ಇಳಿದಿತ್ತು. ಯಾರೋ ನೀರಲ್ಲಿ ಕುಣಿದು ಹೊರಚೆಲ್ಲದೆ ಅಷ್ಟು ಇಳಿಯುವುದಿಲ್ಲ.

ಅವನ ತಲೆಯಲ್ಲಿ ಕತೆ ಸಿದ್ಧವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೋಚಮ್ಮ ಬಿಡುವಿನ ಹೊತ್ತಲ್ಲಿ ಯಾರನ್ನೋ ಕದ್ದು ಒಳಗೆ ಬಿಟ್ಟುಕೊಳ್ಳುತ್ತಿದ್ದಾಳೆ! ಪುಕ್ಕಟೆಯ ಗುಟ್ಟು ಇದೇ ಇರಬೇಕು. ಮಂಗಳವಾರ ಊಟ ಬಿಟ್ಟು ಪಂಪಿನ ಕೋಣೆಯ ಬಾಗಿಲ ಸಂದಿಯಲ್ಲಿ ಕಾದ. ನೊಣವೂ ಬರಲಿಲ್ಲ. ಹೊರಗೆ ಸ್ಟ್ಯಾಂಡಿನಲ್ಲಿ ಅವನ ಸೈಕಲ್ಲು ಊರಿಗೆಲ್ಲ ಕಾಣುವಂತೆ ನಿಂತಿತ್ತಲ್ಲ! ಬುಧವಾರ ಸೈಕಲ್ಲನ್ನು ಹಿಂದಿನ ಬೀದಿಯಲ್ಲಿಟ್ಟು ಬಂದ. ಆಗಲೂ ಯಾರೂ ಇಲ್ಲ. ಗುರುವಾರ ಸುಮ್ಮನೆ ಮನೆಗೆ ಹೋಗಿ ಬಂದ. ಬುಟ್ಟಿಯ ತುಂಬಾ ಕೂದಲು. ತನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಎಂದು ಖಾತ್ರಿಯಾಯಿತು. ನೇರವಾಗಿ ಕೇಳಬಹುದಿತ್ತು. ಆದರೆ ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆ ಇರುವವನು ತಾನೇ ಕೇಳುವುದು?

ಆಗ ಹೊಳೆಯಿತು ಆ ಉಪಾಯ, ನೀರಿನ ಕೆಲಸದವನಿಗೆ ಮಾತ್ರ ಹೊಳೆಯುವಂಥದ್ದು. ಈಜುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳುತ್ತಾರೆ. ಪೋಲೋ ಆಡುವವರು ಹಾಕುವಂತಿಲ್ಲ, ಚೆಂಡು ಬಡಿದರೆ ಗಾಜು ಕಣ್ಣಿಗೆ ಎಂದು ನಿಯಮವಿದೆ. ನೀರನ್ನು ಒಂಚೂರು ಆಮ್ಲದ ಕಡೆ ವಾಲಿಸಿದರೆ ಕದ್ದು ಇಳಿದವರ ಕಣ್ಣು ಸಂಜೆಯವರೆಗೂ ಕೆಂಪಗಿರುತ್ತದೆ. ಯಾರೆಂದು ಕಾಯಬೇಕಿಲ್ಲ, ಮುಖ ನೋಡಿದರೆ ಸಾಕು. ಮೂರು ಗಂಟೆಗೆ ಸೋಡಾ ಪುಡಿ ಕಲಸಿದರೆ ನೀರು ಮತ್ತೆ ಸರಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಶುಕ್ರವಾರ ಒಂದಕ್ಕೆ ಹತ್ತು ನಿಮಿಷ ಇರುವಾಗ ಕೈಗೆ ರಬ್ಬರ್ ಗವುಸು ಹಾಕಿಕೊಂಡು ಆಸಿಡ್ ಕ್ಯಾನಿನ ಮುಚ್ಚಳ ತಿರುಗಿಸಿದ. ಇಪ್ಪತ್ತಾರು ವರ್ಷದಲ್ಲಿ ನೀರನ್ನು ಬೇಕೆಂದೇ ಕೆಡಿಸಿದ್ದು ಅದೇ ಮೊದಲು. ಮನಸ್ಸು ಒಮ್ಮೆ ಬೇಡ ಎಂದಿತು. "ಕಳ್ಳರಿಗೆ ಇಷ್ಟೂ ಆಗಬಾರದಾ?" ಎಂದು ತನಗೆ ತಾನೇ ಹೇಳಿಕೊಂಡು ಸುರಿದ.

ಎಂದಿನಂತೆ ಮನೆಗೆ ಹೋಗಿ ಉಂಡು ಬಂದು, ಮೂರಕ್ಕೆ ಸೋಡಾ ಪುಡಿ ಕಲಸಿದ. ಐದು ಗಂಟೆಗೆ ಪೋಲೋ ಮಕ್ಕಳು ಬಂದರು. ನೀರಣ್ಣ ನೆಲ ಒರೆಸುವ ನೆಪ ಮಾಡಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದ. ಒಂದು, ಎರಡು, ಮೂರು... ಆರು ಜೊತೆ ಕೆಂಪು ಕಣ್ಣು. ಅವನಿಗೆ ಖುಷಿಯಿಂದ ಮೈ ಜುಮ್ಮೆಂದಿತು. ಅಷ್ಟರಲ್ಲಿ ಕೋಚಮ್ಮ ಬಂದಳು. ಅವಳ ಕಣ್ಣು ಬೆಳ್ಳಗೇ ಇತ್ತು. ಅವಳು ದಡದಲ್ಲಿ ನಿಂತು ಸೀಟಿ ಊದುವವಳು.

"ಅಣ್ಣಾ, ನೀರು ಒಂದ್ಸಲ ನೋಡ್ತೀರಾ? ಮಕ್ಕಳಿಗೆಲ್ಲ ಕಣ್ಣುರಿ."

"ನೀರು ಸರಿಯಾಗೇ ಇದೆ ಮೇಡಂ. ಎಷ್ಟು ಗಂಟೆಗೆ ಇಳಿದಿದ್ರು ಅಂತ ಮೊದಲು ನೀವು ಹೇಳಿ."

ಕೋಚಮ್ಮ ಏನೋ ಹೇಳಲು ಬಾಯಿ ತೆರೆದು, ಟಿಕೆಟ್ ಕಿಟಕಿಯ ಕಡೆ ನೋಡಿ, ಸುಮ್ಮನಾದಳು. ಸಿಕ್ಕಿಬಿದ್ದವರು ಸುಮ್ಮನಾಗುವುದೇ ಹಾಗೆ ಎಂದು ನೀರಣ್ಣ ಮೀಸೆಯಡಿ ನಕ್ಕ. ತಂಡಕ್ಕೆ ಏಳು ಜನ ಬೇಕಲ್ಲ, ಏಳನೆಯವರು ಯಾರು ಎಂಬುದೊಂದು ಬಾಕಿ ಉಳಿಯಿತು. ಯಾರೋ ದೊಡ್ಡ ಮನೆಯ ಮಗು ಇರಬೇಕು, ಅದನ್ನೂ ಭಾನುವಾರ ಸಮಿತಿಯ ಮುಂದೆಯೇ ಹೊರಗೆಳೆದರಾಯಿತು ಎಂದುಕೊಂಡು, ದಾರಿಯುದ್ದಕ್ಕೂ ಸೈಕಲ್ಲಿನ ಗಂಟೆ ಬಾರಿಸುತ್ತಾ ಮನೆಗೆ ಹೋದ.

ಮನೆಯ ಮುಂಬಾಗಿಲು ದಾಟಿದರೆ, ಮಗಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಿದ್ದಳು. ಕಣ್ಣಿನ ಮೇಲೆ ಒದ್ದೆ ಬಟ್ಟೆ. ತಾಯಿ ಪಕ್ಕದಲ್ಲಿ ನಿಂತು ಲೋಟದಿಂದ ತಣ್ಣೀರು ಹನಿಸುತ್ತಿದ್ದಳು.

"ಏನಾಯ್ತು?"

"ಈರುಳ್ಳಿ ಹೆಚ್ಚಿದೆ" ಎಂದಳು ಮಗಳು.

ನೀರಣ್ಣ ಬಟ್ಟೆಯನ್ನು ಮೆಲ್ಲಗೆ ಎತ್ತಿದ. ರೆಪ್ಪೆ ಬಾತು ಅರ್ಧ ಮುಚ್ಚಿಹೋಗಿತ್ತು. ಒಳಗೆ ಬಿಳಿ ಎಂಬುದೇ ಇರಲಿಲ್ಲ. ಗೋಲಿನ ಮುಂದೆ ನಿಂತವಳಿಗೆ ಮಿಕ್ಕವರ ಹಾಗೆ ಕಣ್ಣು ಮುಚ್ಚುವ ಪುರುಸೊತ್ತು ಸಿಗುವುದಿಲ್ಲ. ಬಂದ ಚೆಂಡೆಲ್ಲ ನೀರನ್ನು ಅವಳ ಮುಖಕ್ಕೇ ಎರಚುತ್ತದೆ. ಕೂದಲಿನಿಂದ ಬರುತ್ತಿದ್ದ ವಾಸನೆ ಯಾವ ನೀರಿನದೆಂದು ಅವನಿಗೆ ಬೇರೆಯವರು ಹೇಳಬೇಕಿರಲಿಲ್ಲ.

"ಹೊಲಿಗೆ ತರಗತಿ?" ಎಂದ.

ಹೆಂಡತಿ ಲೋಟ ಕೆಳಗಿಟ್ಟಳು. "ಹೊಲಿಗೆ ಇಲ್ಲ, ಗಿಲಿಗೆ ಇಲ್ಲ. ಒಪ್ಪಿಗೆ ಚೀಟಿಗೆ ನಾನೇ ಸಹಿ ಹಾಕಿ ಪೋಲೋಗೆ ಕಳಿಸಿದ್ದು. ಸಂಜೆ ನೀವಿರ್ತೀರಿ ಅಂತ ಕೋಚಮ್ಮ ಕೊಳದ ಮ್ಯಾನೇಜರನ್ನ ಕೇಳಿಕೊಂಡು ಮಧ್ಯಾಹ್ನವೂ ಅಭ್ಯಾಸ ಇಟ್ಟುಕೊಂಡ್ರು. ಇವಳೊಬ್ಬಳಿಗೋಸ್ಕರ ಉಳಿದ ಆರು ಮಕ್ಕಳೂ ಊಟದ ಹೊತ್ತು ಬಿಟ್ಟು ಬರ್ತಿದ್ರು. ನೀವು ಕೊಳದಲ್ಲೇ ಉಳಿದ ದಿನ ಅತ್ತಿಗೆ ಫೋನ್ ಮಾಡೋರು."

"ಅತ್ತಿಗೆಗೂ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತಿತ್ತು ರೀ. ನಿಮಗೊಬ್ಬರಿಗೆ ಹೇಳೋ ಹಾಗಿರಲಿಲ್ಲ."

ನೀರಣ್ಣ ಅಲ್ಲೇ ನೆಲದ ಮೇಲೆ ಕೂತ. ಇಷ್ಟು ವರ್ಷ ಎಲ್ಲರೂ ತನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಿಸುತ್ತಾ ಬಂದಿದ್ದ. ಅದು ನಿಜವೇ ಆಗಿತ್ತು. ಯಾಕೆ ಮುಚ್ಚಿಡುತ್ತಾರೆ ಎಂದು ಮಾತ್ರ ಅವನು ಒಂದು ದಿನವೂ ಯೋಚಿಸಿರಲಿಲ್ಲ. ಆಸಿಡ್ ಸುರಿದ ಸಂಗತಿ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಆ ದಿನ ಹೇಳಲಿಲ್ಲ. ಹೇಡಿತನ ಎಂದರೆ ಹೇಡಿತನವೇ. ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಬಳಿ ಓಡಿದ. ಡಾಕ್ಟರು ಹನಿ ಬರೆದುಕೊಟ್ಟು, ಒಂದು ವಾರ ನೀರಿಗೆ ಇಳಿಯುವಂತಿಲ್ಲ ಎಂದರು. ಆ ಹನಿಯನ್ನು ಅವನು ಔಷಧಿ ಅಂಗಡಿಯವನ ಹತ್ತಿರ ಪರೀಕ್ಷೆ ಮಾಡಿಸಲಿಲ್ಲ.

ಭಾನುವಾರ ಸಮಿತಿಯ ಐದು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಂದು ಕೂತರು. ಆರು ಮಕ್ಕಳ ಕಣ್ಣು ಇನ್ನೂ ನಸುಗೆಂಪು. ಗೋಲ್ ಕಾಯುವವಳು ಕಪ್ಪು ಕನ್ನಡಕ ಹಾಕಿಕೊಂಡು ಬೆಂಚಿನಲ್ಲಿ ಕೂತಿದ್ದಳು. ಅವಳಿಲ್ಲದೆ ತಂಡಕ್ಕೆ ಏಳು ಜನ ಇರಲಿಲ್ಲ.

ಅಧ್ಯಕ್ಷರು ತಲೆಯಾಡಿಸಿದರು. "ನೋಡಿ ಮೇಡಂ, ಈ ಆಟ ಶುರುವಾಗೋಕೆ ಮುಂಚೆ ಇಲ್ಲಿ ಯಾರಿಗೂ ಕಣ್ಣುರಿ ಬಂದಿಲ್ಲ. ನೀರಿಗೆ ತಾಳ್ಕೊಳ್ಳೋಕೆ ಆಗ್ತಿಲ್ಲ ಅಂತ ಕಾಣತ್ತೆ. ನಿಲ್ಲಿಸೋದೇ ಒಳ್ಳೇದು. ಏನಂತೀಯ ನೀರಣ್ಣ?"

ಅವನು ಬಯಸಿದ್ದು ಇದನ್ನೇ. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಕೋಚಮ್ಮ ಗಂಟುಮೂಟೆ ಕಟ್ಟುತ್ತಿದ್ದಳು, ಅವನ ಹೆಸರಿಗೆ ಒಂದು ಕಲೆಯೂ ತಗಲುತ್ತಿರಲಿಲ್ಲ. ಬೆಂಚಿನಲ್ಲಿದ್ದ ಮಗಳು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಏನು ಹೇಳುತ್ತಾನೆಂದು ಅವಳಿಗೆ ಮೊದಲೇ ಗೊತ್ತಿರುವಂತೆ ತಲೆ ತಗ್ಗಿಸಿ ಕೂತಿದ್ದಳು.

"ನೀರು ತಾಳ್ಕೊಳ್ಳತ್ತೆ ಸಾರ್" ಎಂದ ನೀರಣ್ಣ. "ಶುಕ್ರವಾರ ಮಧ್ಯಾಹ್ನ ಆಸಿಡ್ ಸುರಿದದ್ದು ನಾನು. ಬೇಕು ಅಂತಲೇ. ಕದ್ದು ಇಳಿಯೋರನ್ನ ಹಿಡಿಯೋಣ ಅಂತ. ಯಾರೂ ಕದ್ದಿರಲಿಲ್ಲ."

ಟಿಕೆಟ್ ಕಿಟಕಿಯ ಅತ್ತಿಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಗಳು ಈಗ ತಲೆಯೆತ್ತಿದಳು. ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಅವನಿಗೆ ಕಾಣಿಸಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವನಿಗೆ.

ಅಧ್ಯಕ್ಷರು ಕೆಂಡಾಮಂಡಲವಾದರು. ಕೆಲಸದಿಂದಲೇ ತೆಗೆಯಬೇಕು ಎಂದರು. ತಡೆದವಳು ಕೋಚಮ್ಮ. "ತಾನಾಗಿ ಒಪ್ಪಿಕೊಂಡಿದ್ದಾರೆ. ಇವರಷ್ಟು ನೀರು ಗೊತ್ತಿರೋರು ಬೇರೆ ಯಾರಿದ್ದಾರೆ? ಆದರೆ ಇನ್ಮೇಲೆ ನೀರನ್ನ ಇವರೊಬ್ಬರೇ ನೋಡೋದು ಬೇಡ. ನಾನೂ ಜೊತೆಗೆ ನಿಂತು ನೋಡ್ತೀನಿ" ಎಂದಳು. ಅವಳ ದನಿಯಲ್ಲಿ ಕರುಣೆ ಇತ್ತು, ನಂಬಿಕೆ ಎಳ್ಳಷ್ಟೂ ಇರಲಿಲ್ಲ. ಪಂದ್ಯ ಹದಿನೈದು ದಿನ ಮುಂದಕ್ಕೆ ಹೋಯಿತು. ಮನೆಯಲ್ಲಿ ಮಗಳು ಆ ಹದಿನೈದು ದಿನವೂ ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಇನ್ನು ಮುಂದೆ ಆಡಲು ಹೋಗು ಎಂದು ಅವನು ಹೇಳಿದಾಗ "ಹೂಂ" ಎಂದಳು, ಅಷ್ಟೇ.

ಪಂದ್ಯದ ಬೆಳಗ್ಗೆ ನೀರಣ್ಣ ಕೋಚಮ್ಮನ ಎದುರಿಗೇ ಗಾಜಿನ ಕೊಳವೆ ತುಂಬಿದ, ಹನಿ ಬಿಟ್ಟ, ಬೆಳಕಿಗೆ ಹಿಡಿದ. ಇಷ್ಟು ಶುದ್ಧವಾದ ಬಣ್ಣವನ್ನು ಅವನೇ ಎಷ್ಟೋ ದಿನದಿಂದ ನೋಡಿರಲಿಲ್ಲ. ಇಬ್ಬರೂ ನೀರಿನ ಪುಸ್ತಕದಲ್ಲಿ ಸಹಿ ಹಾಕಿದರು. ಮಕ್ಕಳು ಒಬ್ಬೊಬ್ಬರಾಗಿ ನೀರಿಗೆ ಧುಮುಕಿದರು. ಕೊನೆಗೆ ಗೋಲ್ ಕಾಯುವವರ ಕೆಂಪು ಟೊಪ್ಪಿಗೆ ತೊಟ್ಟು ಮಗಳು ಅಂಚಿಗೆ ಬಂದಳು. ಕಾಲ ಬೆರಳನ್ನು ನೀರಿನ ಹತ್ತಿರ ಒಯ್ದು ಹಿಂದಕ್ಕೆ ತೆಗೆದಳು. ಅಪ್ಪ ಎರಡು ಮಾರು ದೂರದಲ್ಲಿ ಕೊಳವೆ ಹಿಡಿದುಕೊಂಡೇ ನಿಂತಿದ್ದ, ತನ್ನನ್ನು ಕೇಳಲಿ ಎಂದು ಕಾಯುತ್ತಾ.

ಅವಳು ಅವನನ್ನು ದಾಟಿ ಕೋಚಮ್ಮನ ಬಳಿ ಹೋದಳು.

"ಮೇಡಂ, ನೀರು ನೀವೇ ನೋಡಿದ್ರಾ?"

"ನೋಡಿದೆ ಮಗಳೇ. ಸರಿಯಾಗಿದೆ, ಇಳಿ."

ಆಮೇಲೆಯೇ ಅವಳು ಇಳಿದಳು.