ಚೀಟಿಯಲ್ಲಿ ತಪ್ಪಿರಲಿಲ್ಲ

ದಾವಣಗೆರೆಯ ಹಂಸಾ ಹದಿನಾಲ್ಕು ವರ್ಷದಿಂದ ವಿಶಾಖಪಟ್ಟಣದ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದರು. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಔಷಧಿ ಚೀಟಿ ಬರೆಸುವುದರಲ್ಲಿ ಹಂಸಾ ಬಲು ಕಟ್ಟುನಿಟ್ಟು. ಹೆಸರು ದೊಡ್ಡಕ್ಷರದಲ್ಲಿರಬೇಕು, ಸಂಕ್ಷೇಪ ಕೂಡದು, ಎಷ್ಟು ದಿನವೆಂಬುದು ಬಿಟ್ಟುಹೋಗಬಾರದು. ಒಂದು ಸೊನ್ನೆ ಹೆಚ್ಚಾದರೂ ಪುಟಕ್ಕೆ ಅಡ್ಡಗೆರೆ ಎಳೆದು ಮತ್ತೆ ಬರೆಸುತ್ತಿದ್ದರು.

ವಿದ್ಯಾರ್ಥಿನಿ ಉಷಶ್ರೀಯ ಚೀಟಿಯಲ್ಲಿ ಮಾತ್ರ ಅವರ ಪೆನ್ನು ಎಲ್ಲೂ ನಿಲ್ಲುತ್ತಿರಲಿಲ್ಲ. ಬಳ್ಳಾರಿಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗಳು ಅವಳು. ಪಾಸಾಗಿ ವಿಜಯವಾಡದ ಆಸ್ಪತ್ರೆಯೊಂದಕ್ಕೆ ಸೇರಿದ್ದಳು. ಒಂದು ಸಂಜೆ ಅವಳ ಫೋನ್ ಬಂತು. ಕೀಲುವಾತದ ಸೂರ್ಯಕಾಂತಮ್ಮ ಎಂಬಾಕೆಗೆ ವಾರಕ್ಕೊಂದೇ ಸಲ ನುಂಗುವ ಮಾತ್ರೆ ಬರೆದಿದ್ದಳಂತೆ. ಆಕೆ ದಿನವೂ ನುಂಗಿ, ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಐಸಿಯು ಸೇರಿದ್ದರು.

ಮರುದಿನ ಹಂಸಾ ಊರಂಚಿನ ದುವ್ವಾಡ ನಿಲ್ದಾಣದಲ್ಲಿ ವಿಜಯವಾಡದ ರೈಲು ಹತ್ತಿದರು. ಹುಡುಗಿ ಎಲ್ಲಿ ತಪ್ಪಿರಬಹುದೆಂಬುದೇ ದಾರಿಯುದ್ದಕ್ಕೂ ಯೋಚನೆ. ಆಸ್ಪತ್ರೆಯಲ್ಲಿ ಉಷಶ್ರೀ ಚೀಟಿ ತಂದು ಕೈಗಿಟ್ಟಳು. ಮಾತ್ರೆಯ ಹೆಸರು, ಪ್ರಮಾಣ, ವಾರಕ್ಕೊಮ್ಮೆ, ಸೋಮವಾರ ಮಾತ್ರ ಎಂಬ ಸೂಚನೆ, ಎಲ್ಲ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಹಂಸಾರನ್ನು ಹೆದರಿಸಿದ್ದು ಅದೇ.

"ಬಾಯಲ್ಲಿ ಹೇಳಿದ್ಯಾ?"

"ಹೊರಗೆ ಎಪ್ಪತ್ತು ಜನ ಕಾಯ್ತಿದ್ರು ಮೇಡಂ. ಚೀಟೀಲಿ ಎಲ್ಲಾ ಇದೆಯಲ್ಲ ಅಂದುಕೊಂಡೆ. ನೀವು ಕಲಿಸಿದ ಹಾಗೇ ಬರೆದಿದ್ದೆ."

ಅದು ದೂರುವ ದನಿಯಲ್ಲ. ಹಂಸಾ ಚೀಟಿ ಮಡಿಸಿ ಅವಳಿಗೆ ಕೊಟ್ಟು ಎದ್ದರು. ಹೊರಗೆ ಬೆಂಚಿನ ಮೇಲಿದ್ದ ಸೂರ್ಯಕಾಂತಮ್ಮನ ಸೊಸೆ ಅಳುತ್ತ ತೆಲುಗಿನಲ್ಲಿ ಏನೇನೋ ಹೇಳಿದಳು. ಇಂಗ್ಲಿಷ್ ಓದಲು ಬರದೆ ತಾನೇ ದಿನಕ್ಕೊಂದು ಮಾತ್ರೆ ಕೊಟ್ಟೆ ಎಂಬಷ್ಟು ಮಾತ್ರ ಹಂಸಾಗೆ ತಿಳಿಯಿತು. ಪಾಠವೆಲ್ಲ ಇಂಗ್ಲಿಷಿನಲ್ಲೇ ಸಾಗಿದ್ದರಿಂದ ಅವರ ತೆಲುಗು ತರಕಾರಿ ಅಂಗಡಿ ದಾಟಿರಲಿಲ್ಲ. ಸಮಾಧಾನ ಹೇಳಲೂ ಅದು ಸಾಲದೆ ಪಕ್ಕದಲ್ಲಿ ಕುಳಿತರು.

ಐದನೆಯ ದಿನ ಸೂರ್ಯಕಾಂತಮ್ಮ ತೀರಿಕೊಂಡರು. ವಿಚಾರಣೆ ನಡೆಸಿದವರು ಚೀಟಿ ಸರಿಯಾಗಿಯೇ ಇದೆ ಎಂದರು. ಉಷಶ್ರೀ ಎರಡು ತಿಂಗಳು ರಜೆ ಹಾಕಿದಳು.

ಹಂಸಾ ತರಗತಿಯ ಕ್ರಮ ಬದಲಿಸಿದರು. ವಿದ್ಯಾರ್ಥಿಗಳು ಬರೆದ ಚೀಟಿಯನ್ನು ಕಾಲೇಜಿನ ಆಯಾ, ಇಂಗ್ಲಿಷ್ ಬಾರದ ಹೇಮಾಕ್ಷಿಗೆ ತೆಲುಗಿನಲ್ಲಿ ತಿಳಿಸಬೇಕು, ಅವಳು ಸರಿಯಾಗಿ ತಿರುಗಿ ಹೇಳಿದರೆ ಮಾತ್ರ ಮಾರ್ಕು. ಪರೀಕ್ಷೆಯಲ್ಲಿ ಇಲ್ಲದ್ದಕ್ಕೆ ಇಷ್ಟು ಹೊತ್ತೇಕೆಂದು ಪ್ರಿನ್ಸಿಪಾಲರು ಗೊಣಗಿದರು. ಮೊದಲ ದಿನ ಹಂಸಾ ತಾವೇ ನಿಂತು ತಡವರಿಸುತ್ತ ಹೇಳಿದರು. ಹುಡುಗರು ನಕ್ಕರು. ಹೇಮಾಕ್ಷಿಗೆ ಅರ್ಥವಾಗಿದ್ದು ಮೂರನೆಯ ಸಲಕ್ಕೆ.

ಉಷಶ್ರೀ ಕೆಲಸಕ್ಕೆ ಮರಳಿದ ಸುದ್ದಿ ಬೇರೆಯವರಿಂದ ಬಂತು. ಹಂಸಾ ಎರಡು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.